ವಿದ್ಯೆಯ ಊರು, ಸಂತೆಯ ಊರು

ಹೊತ್ತು ಇಳಿಯುವ ವೇಳೆಗೆ ನೀಲಗುಂದದ ಭೀಮೇಶ್ವರ ದೇವಾಲಯದಲ್ಲಿ ಒಂದು ಗಳಿಗೆ ಕುಳಿತವನಿಗೆ, ಕಡೆದ ಕಲ್ಲಿನ ನುಣುಪಿನ ಮೇಲೆ ಬೆಳಕು ಜಾರುವುದನ್ನು ನೋಡುತ್ತಿರುವಂತೆಯೇ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಈ ಕಂಬಗಳಿಗೆ ಬೆನ್ನು ಕೊಟ್ಟು ಕುಳಿತು ಕಲಿತವರು ಯಾರು? ದೇಗುಲ ಕಟ್ಟಿಸಿದವನ ಹೆಸರನ್ನೂ ಭೂಮಿ ಬಿಟ್ಟವನ ಹೆಸರನ್ನೂ ನಮ್ಮ ಶಾಸನಗಳು ಬಿರುದಾವಳಿಗಳೊಡನೆ ಹೇಳುತ್ತವೆ. ಕಲಿಯಲು ಬಂದ ಹುಡುಗನ ಹೆಸರನ್ನು ಹೇಳುವುದಿಲ್ಲ. ಅವನು ಎಲ್ಲಿ ಮಲಗಿದ, ಏನನ್ನು ಉಂಡ, ಇರುಳಿನಲ್ಲಿ ಅವನ ದೀಪಕ್ಕೆ ಎಣ್ಣೆ ಎಲ್ಲಿಂದ ಬಂದಿತು ಎಂಬ ಮಾತುಗಳು ಚರಿತ್ರೆಗಾರನಿಗೆ ಸಣ್ಣವೆನಿಸಬಹುದು. ಆದರೆ ಹಸಿದ ಹುಡುಗ ಪಾಠ ಒಪ್ಪಿಸಲಾರ. ವಿದ್ಯೆಯ ಚರಿತ್ರೆಯನ್ನು ಒಮ್ಮೆಯಾದರೂ ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕು ನೋಡಬೇಕು.

ನೀಲಗುಂದ ಇಂದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆಗೆ ಕೋಗಳಿ ಐನೂರು ಎಂದು ಹೆಸರು. ಅದು ನೊಳಂಬವಾಡಿಗೆ ಸೇರಿತ್ತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ತಾಮ್ರಪಟಗಳು ಈ ಊರಲ್ಲೇ ದೊರೆತಿವೆ. ಅವು ಬ್ರಾಹ್ಮಣರಿಗೆ ಊರನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಹೇಳುತ್ತವೆ. ಇದೇ ಸೀಮೆಯ ಬಾಗಳಿಯಲ್ಲಿ ಕಲ್ಲೇಶ್ವರ ದೇವಾಲಯವಿದೆ; ಕೋಗಳಿಯಲ್ಲಿ ಹಳೆಯ ಜೈನ ಬಸದಿಯಿತ್ತು. ಹೀಗೆ ನಾಲ್ಕು ಹೆಜ್ಜೆಗೊಂದು ಅಗ್ರಹಾರ, ಬಸದಿ, ದೇಗುಲಗಳಿದ್ದ ನಾಡು ಇದು. ದತ್ತಿ ಬಿಟ್ಟಲ್ಲೆಲ್ಲ ದೊಡ್ಡ ಪಾಠಶಾಲೆ ನಡೆಯಿತೆಂದು ಹೇಳಲಾಗದು. ಅಗ್ರಹಾರದ ಮಹಾಜನರಿಗೆ ಅಧ್ಯಯನವೂ ಅಧ್ಯಾಪನವೂ ಕರ್ತವ್ಯಗಳಾಗಿದ್ದವೆಂಬುದಂತೂ ನಿಶ್ಚಯ. ಆ ಕರ್ತವ್ಯ ದಿನದಿನದ ಬದುಕಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಲು ನಾವು ಬೇರೆ ಊರುಗಳ ಶಾಸನಗಳ ಬಳಿಗೆ ಹೋಗಬೇಕು.

ಮೊದಲು ಸಾಲೋಟಗಿಗೆ ಹೋಗೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಈ ಊರಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ, ಕಂಬದ ಶಾಸನವೊಂದಿದೆ. ಅರಸನ ಮಂತ್ರಿ ನಾರಾಯಣನು ಇಲ್ಲಿ ತ್ರಯೀಪುರುಷರ ಗುಡಿಯ ಜೊತೆಗೆ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಅವರ ವಸತಿಗೆ 27 ಮನೆಗಳು. ಅವರ ಜೀವನಕ್ಕೆ 500 ನಿವರ್ತನ ಭೂಮಿ. ಉಪಾಧ್ಯಾಯನಿಗೆ 50 ನಿವರ್ತನ. ದೀಪಕ್ಕಾಗಿಯೇ ಬೇರೆಯಾಗಿ 12 ನಿವರ್ತನ. ಈ ಕೊನೆಯ ಅಂಕಿಯನ್ನು ಗಮನಿಸಬೇಕು. ದೀಪಕ್ಕೆಂದು ಹೊಲ ಬಿಟ್ಟವನಿಗೆ ಓದುವ ಹುಡುಗರ ಕಷ್ಟ ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಹಗಲಿನ ಪಾಠವನ್ನು ಮತ್ತೆ ಮತ್ತೆ ಹೇಳಿಕೊಳ್ಳುವವರ ದನಿ ಆ 27 ಮನೆಗಳಿಂದ ಕೇಳಿಬರುತ್ತಿದ್ದಿರಬೇಕು.

ಆದರೆ ಸಾಲೋಟಗಿಯ ಶಾಸನದ ನಿಜವಾದ ಸೊಗಸು ಇನ್ನೊಂದು ಕಟ್ಟಳೆಯಲ್ಲಿದೆ. ಮಂತ್ರಿಯ ದಾನವೊಂದರಿಂದಲೇ ಶಾಲೆ ನಡೆಯದೆಂದು ಊರವರು ತಿಳಿದಿದ್ದರು. ಆದುದರಿಂದ ಊರಿನ ಬ್ರಾಹ್ಮಣರ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ ಐದು ಪುಷ್ಪ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಪುಷ್ಪ ಸಲ್ಲಬೇಕೆಂದು ಗೊತ್ತುಮಾಡಿದರು. ಪುಷ್ಪವೆಂದರೆ ಇಲ್ಲಿ ಹೂವಲ್ಲ, ಆ ಕಾಲದ ನಾಣ್ಯ. ಮನೆಯಲ್ಲಿ ಶುಭ ನಡೆದಾಗ ಪರದೇಶಿ ಹುಡುಗನ ಪಾಲನ್ನು ಮೊದಲೇ ತೆಗೆದಿಡಬೇಕು ಎಂಬುದು ಇದರ ಅರ್ಥ. ಅರಸನ ದತ್ತಿ ಒಂದು ದಿನದ ಮಾತು. ಮನೆಮನೆಯ ಮದುವೆ ಮುಂಜಿ ವರುಷ ವರುಷವೂ ಬರುವಂಥವು. ಶಾಲೆ ಬಾಳಲು ಇವೆರಡೂ ಬೇಕಾದವು. ಪಾವಿಟ್ಟಗೆ ಎಂಬ ಹಳೆಯ ಹೆಸರಿಗೆ ಶಾಲೆಯೆಂಬ ಮಾತು ಕೂಡಿಯೇ ಸಾಲೋಟಗಿ ಆಯಿತೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಉಂಟು. ಶಾಲೆ ಮಣ್ಣಾದರೂ ಊರು ಅದರ ಹೆಸರನ್ನು ಉಳಿಸಿಕೊಂಡಿತು.

ಇನ್ನು ನಾಗಾವಿ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ಈ ಸ್ಥಳದಲ್ಲಿ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿನ ಲೆಕ್ಕವನ್ನು ಒಪ್ಪಿಸುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಐವತ್ತರಷ್ಟು ಮಂದಿ. ಅವರಿಗೆ ವೇದ ಹೇಳುವವರು, ನ್ಯಾಯ, ಭಾಟ್ಟ, ಪ್ರಾಭಾಕರ ದರ್ಶನಗಳನ್ನು ಹೇಳುವವರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗಳು. ಪುಸ್ತಕ ಭಂಡಾರಕ್ಕೆ ಆರು ಜನ! ತಾಳೆಗರಿಯ ಗ್ರಂಥವೆಂದರೆ ಒಮ್ಮೆ ಬರೆದು ಮುಚ್ಚಿಡುವ ವಸ್ತುವಲ್ಲ. ಹುಳ ಹಿಡಿಯದಂತೆ ಎಣ್ಣೆ ಸವರಬೇಕು, ಮಳೆಗಾಲದ ತಂಪಿನಿಂದ ಕಾಪಾಡಬೇಕು, ಸವೆದ ಗರಿಗಳನ್ನು ಹೊಸದಾಗಿ ಪ್ರತಿಮಾಡಬೇಕು. ಈ ಆರು ಮಂದಿಯ ಹೊಟ್ಟೆಗೂ ಎಲ್ಲಿಯೋ ಒಬ್ಬ ರೈತ ಬೆಳೆಯುತ್ತಿದ್ದನು.

ರೈತನೊಬ್ಬನೇ ಅಲ್ಲ. ಆ ಕಾಲದ ದಾನಶಾಸನಗಳನ್ನು ಓದುತ್ತ ಹೋದಂತೆ ಬಿರುದುಗಳ ಸದ್ದು ಅಡಗಿ ಸಂತೆಯ ಸದ್ದು ಕೇಳತೊಡಗುತ್ತದೆ. ತೆಲ್ಲಿಗರು ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ದೀಪಕ್ಕೆ ಬಿಡುತ್ತಾರೆ. ವೀಳೆಯದೆಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಮಾನ ಎಂದು ವರ್ತಕರು ಒಪ್ಪಿಕೊಳ್ಳುತ್ತಾರೆ. ಮಗ್ಗದೆರೆಯ, ಸುಂಕದ ಒಂದು ಭಾಗವನ್ನು ಅಧಿಕಾರಿಗಳು ಧರ್ಮಕ್ಕೆ ಬಿಡುತ್ತಾರೆ. ವಿದ್ಯೆಯ ಊರು ನಿಂತದ್ದು ಸಂತೆಯ ಊರಿನ ಹೆಗಲ ಮೇಲೆ.

ಈ ನೆರೆಹೊರೆಯ ಸಂಬಂಧ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದ ಮತ್ತು ಬಳ್ಳಿಗಾವೆಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ತಾಳಗುಂದ ಬಹು ಹಳೆಯ ಅಗ್ರಹಾರ. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಊರು ಅದು. ಅವನು ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋಗಿ, ಅಲ್ಲಿ ಪಲ್ಲವರ ಕುದುರೆಯಾಳುಗಳೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂದು ಅಲ್ಲಿನ ಸ್ತಂಭಶಾಸನ ಹೇಳುತ್ತದೆ. ನಮ್ಮ ಶಾಸನಗಳಲ್ಲಿ ಹೆಸರು ಹಿಡಿದು ಕಾಣಿಸಿಕೊಳ್ಳುವ ವಿದ್ಯಾರ್ಥಿ ಅಪರೂಪ. ಅವನೂ ಕಾಣಿಸಿಕೊಂಡದ್ದು ಓದನ್ನು ಬಿಟ್ಟು ಅರಸನಾದುದರಿಂದ! ಅದೇ ತಾಳಗುಂದದಲ್ಲಿ 1158ರ ಹೊತ್ತಿಗೆ 48 ವಿದ್ಯಾರ್ಥಿಗಳ ಊಟಕ್ಕೆ ಏರ್ಪಾಡಿತ್ತು. ಕಲಿಸುವವರ ಸಾಲಿನ ಜೊತೆಯಲ್ಲಿ ಅಡುಗೆಯವರನ್ನೂ ಶಾಸನ ಎಣಿಸಿದೆ.

ಬಳ್ಳಿಗಾವೆಯೋ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ, ಸೆಟ್ಟಿಗಳ ಪಟ್ಟಣ. ಹರಿ, ಹರ, ಬ್ರಹ್ಮ, ಜಿನ, ಬುದ್ಧ, ಎಲ್ಲರಿಗೂ ಅಲ್ಲಿ ಮಠಮಂದಿರಗಳಿದ್ದವು. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನ ಬಣ್ಣಿಸುವ ಬಗೆ ವಿಶಿಷ್ಟವಾದುದು. ನಾಲ್ಕು ವೇದ, ಹಲವು ವ್ಯಾಕರಣ, ಆರು ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕಗಳ ಪಾಠ ಅಲ್ಲಿ ನಡೆಯುತ್ತಿತ್ತು. ಅದೇ ಅಂಗಳದಲ್ಲಿ ದೀನರಿಗೆ, ಕುರುಡರಿಗೆ, ಹೆಳವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಬೇರೆ ಮತದ ಸಂನ್ಯಾಸಿಗಳಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಸಂತೆಯ ಪಟ್ಟಣದ ವಿದ್ಯಾಸ್ಥಾನ ಸಂತೆಯ ಹಾಗೆಯೇ ಬಾಗಿಲನ್ನು ಅಗಲವಾಗಿ ತೆರೆದಿತ್ತು. ತಾಳಗುಂದದ ಹುಡುಗನೊಬ್ಬ ಅನಧ್ಯಯನದ ದಿನ, ಪಾಡ್ಯವೋ ಅಷ್ಟಮಿಯೋ ಇರಬೇಕು, ಬಳ್ಳಿಗಾವೆಯ ಬೀದಿಗೆ ಬಂದನೆಂದು ಭಾವಿಸಿಕೊಳ್ಳಿ. ಸ್ವರ ತಪ್ಪದ ಮಂತ್ರವನ್ನು ಮಾತ್ರ ಕೇಳಿದ್ದ ಕಿವಿಗೆ ಅಲ್ಲಿ ಮದ್ದಳೆಯ ನುಡಿ, ವರ್ತಕರ ಹಲವು ಭಾಷೆ, ಲೆಕ್ಕದ ಕೂಗು ಎಲ್ಲವೂ ಒಟ್ಟಿಗೆ ಕೇಳಿಸಿದವು. ಅದೂ ಒಂದು ಪಾಠವೇ.

ಮದ್ದಳೆಯ ಮಾತು ಸುಮ್ಮನೆ ಬಂದುದಲ್ಲ. ಅಲ್ಲಮಪ್ರಭು ಈ ಬಳ್ಳಿಗಾವೆಯವನೆಂದು ಪರಂಪರೆ ಹೇಳುತ್ತದೆ. ಅವನು ದೇಗುಲದಲ್ಲಿ ಮದ್ದಳೆ ಬಾರಿಸುತ್ತಿದ್ದನೆಂದು ಹರಿಹರ ತನ್ನ ಪ್ರಭುದೇವರ ರಗಳೆಯಲ್ಲಿ ಕಥೆ ಮಾಡಿದ್ದಾನೆ. ಇಲ್ಲಿಗೆ ಬಂದಾಗ ನಾವು ಒಂದು ನಿಷ್ಠುರ ಸತ್ಯವನ್ನು ಎದುರಿಸಬೇಕಾಗುತ್ತದೆ. ಗಾಣದ ಎಣ್ಣೆಯಿಂದ ಘಟಿಕೆಯ ದೀಪ ಉರಿಯಿತು. ಗಾಣಿಗನ ಮಗ ಆ ದೀಪದ ಬುಡದಲ್ಲಿ ಕುಳಿತು ವೇದ ಓದಲಿಲ್ಲ. ಮಗ್ಗದೆರೆಯಿಂದ ಉಪಾಧ್ಯಾಯನ ಮನೆ ನಡೆಯಿತು. ನೇಕಾರನ ಮಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೊಟ್ಟವರು ಒಬ್ಬರು, ಕಲಿತವರು ಇನ್ನೊಬ್ಬರು. ಹನ್ನೆರಡನೆಯ ಶತಮಾನದ ಶರಣರ ಚಳವಳಿಯನ್ನು ಈ ಬೆಳಕಿನಲ್ಲಿಯೂ ನೋಡಬಹುದು. ದೋಣಿ ನಡೆಸುವವನು, ನೇಯುವವನು, ಕಟ್ಟಿಗೆ ಮಾರುವವನು, ರಾಟಿ ತಿರುಗಿಸುವವಳು ತಮ್ಮ ಕಾಯಕದ ಕನ್ನಡದಲ್ಲಿಯೇ ತತ್ತ್ವವನ್ನು ನುಡಿದರು. ದೀಪಕ್ಕೆ ಎಣ್ಣೆ ಕೊಟ್ಟವರು ಕೊನೆಗೆ ದೀಪವನ್ನೇ ತಮ್ಮ ಬೀದಿಗೆ ತಂದುಕೊಂಡರು.

ಇಂಗ್ಲೆಂಡಿನ ವಿದ್ಯಾನಗರಗಳಲ್ಲಿ ಇದೇ ನೆರೆಹೊರೆ ಬೇರೆ ದಾರಿ ಹಿಡಿಯಿತು. 1209ರಲ್ಲಿ ಆಕ್ಸ್‌ಫರ್ಡಿನ ಊರವರಿಗೂ ವಿದ್ಯಾರ್ಥಿಗಳಿಗೂ ವಿರಸ ಬೆಳೆದು, ಕೆಲವರು ಊರು ಬಿಟ್ಟು ಕೇಂಬ್ರಿಜ್ ಎಂಬ ಚಿಕ್ಕ ಪಟ್ಟಣಕ್ಕೆ ಹೋಗಿ ನೆಲೆಸಿದ್ದರಿಂದಲೇ ಎರಡನೆಯ ವಿಶ್ವವಿದ್ಯಾಲಯ ಹುಟ್ಟಿತು. 1355ರ ಫೆಬ್ರವರಿ 10ರಂದು ಆಕ್ಸ್‌ಫರ್ಡಿನ ಪಾನಗೃಹವೊಂದರಲ್ಲಿ ಮದ್ಯ ಚೆನ್ನಾಗಿಲ್ಲವೆಂದು ವಿದ್ಯಾರ್ಥಿಗಳು ತೆಗೆದ ಜಗಳ ಮೂರು ದಿನದ ಕಾಳಗವಾಗಿ, ಅರವತ್ತಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿಗಳೂ ಮೂವತ್ತರಷ್ಟು ಊರವರೂ ಸತ್ತರು. ಊರವರು ಅದಕ್ಕೆ ಪ್ರಾಯಶ್ಚಿತ್ತವಾಗಿ ವರ್ಷಕ್ಕೆ 63 ಪೆನ್ನಿಗಳ ಕಾಣಿಕೆಯನ್ನು 1825ರವರೆಗೂ ಸಲ್ಲಿಸಬೇಕಾಯಿತು. ಆದರೆ ಸಂತೆಯಿಲ್ಲದೆ ಅಲ್ಲಿಯೂ ವಿದ್ಯೆ ಬಾಳಲಿಲ್ಲ. ಕೇಂಬ್ರಿಜಿನ ಹೊರವಲಯದ ಸ್ಟೌರ್‌ಬ್ರಿಜ್ ಜಾತ್ರೆ ಯೂರೋಪಿನ ದೊಡ್ಡ ಜಾತ್ರೆಗಳಲ್ಲಿ ಒಂದಾಗಿತ್ತು. ಉಣ್ಣೆ, ಬಟ್ಟೆಗಳೊಡನೆ ಪುಸ್ತಕಗಳೂ ಅಲ್ಲಿ ಮಾರಾಟಕ್ಕೆ ಬರುತ್ತಿದ್ದವು. ನ್ಯೂಟನ್ ತನ್ನ ಗಾಜಿನ ಪಟ್ಟಕವನ್ನು ಕೊಂಡದ್ದು ಆ ಜಾತ್ರೆಯಲ್ಲಿ ಎಂಬ ಮಾತು ಪ್ರಸಿದ್ಧವಾಗಿದೆ. ನಮ್ಮ ನಾಡಿನಲ್ಲಿ ಇಂಥ ಜಗಳಗಳು ನಡೆಯಲೇ ಇಲ್ಲವೆಂದು ಹೆಮ್ಮೆಪಡುವಂತಿಲ್ಲ. ದಾನಶಾಸನ ಬರೆಯಿಸುವವನು ಜಗಳವನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ, ಅಷ್ಟೆ.

ಮತ್ತೆ ನಮ್ಮ ಸೀಮೆಗೆ ಬರೋಣ. 1800ರಲ್ಲಿ ಬಳ್ಳಾರಿ ಪ್ರಾಂತ ನಿಜಾಮನಿಂದ ಕಂಪನಿಯ ಕೈಸೇರಿತು. 1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಪಾಠಶಾಲೆಗಳ ಲೆಕ್ಕವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಒಂದು ಅಮೂಲ್ಯ ದಾಖಲೆ. ಇಂದಿಗಿಂತ ಬಹಳ ದೊಡ್ಡದಾಗಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಒಟ್ಟು ಮಕ್ಕಳು 6641. ಅವರಲ್ಲಿ ಹುಡುಗಿಯರು 60 ಮಾತ್ರ.

ಶಾಲೆಯ ದಿನಚರಿಯನ್ನು ಕ್ಯಾಂಪ್‌ಬೆಲ್ ಬಣ್ಣಿಸಿದ್ದು ಕಣ್ಣಿಗೆ ಕಟ್ಟುವಂತಿದೆ. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಹೆಚ್ಚು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆ ಕಾಲದಲ್ಲಿ ಬರವಣಿಗೆಗೆ ಕಡತವೂ ಬಳಕೆಯಲ್ಲಿತ್ತು. ಕಡತವೆಂದರೆ ಬಟ್ಟೆಗೆ ಮಸಿಯನ್ನೂ ಅಂಟನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕ; ಅದರ ಮೇಲೆ ಬಳಪದಿಂದ ಬರೆಯುವುದು. ಅಂಗಡಿಯ ಲೆಕ್ಕವೂ ಕಡತದಲ್ಲಿಯೇ. ಇಲ್ಲಿ ವಿದ್ಯೆಯೂ ವ್ಯಾಪಾರವೂ ಒಂದೇ ಹಾಳೆಯ ಮೇಲೆ ಕೂಡಿದವು. ಬಳಪ ಮೃದುವಾದ ಬಳಪದ ಕಲ್ಲಿನದು. ಈ ನಾಡಿನ ಚಾಲುಕ್ಯ ಶಿಲ್ಪಿಗಳಿಗೆ ಪ್ರಿಯವಾದ ಕಲ್ಲೂ ಅದೇ. ಅದೇ ಕಲ್ಲು ದೊರೆಯ ಕೈಯಲ್ಲಿ ದೇವಾಲಯ, ಬಡ ಹುಡುಗನ ಕೈಯಲ್ಲಿ ಲೇಖನಿ.

ಮುಂದೆ ಓದಿದ ಹುಡುಗ ಹಿಂದೆ ಇದ್ದವನಿಗೆ ಹೇಳಿಕೊಡುವ ಇಲ್ಲಿನ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿದನು. ಇಂಗ್ಲೆಂಡು ಅದನ್ನು ಅನುಕರಿಸಿದ್ದು ತಕ್ಕುದೇ ಎಂದು ಬರೆದನು. ಮದರಾಸಿನಲ್ಲಿ ಈ ಪದ್ಧತಿಯನ್ನು ನೋಡಿದ ಆ್ಯಂಡ್ರೂ ಬೆಲ್ ಎಂಬ ಪಾದ್ರಿ 1797ರಲ್ಲಿ ಅದರ ಮೇಲೆ ಪುಸ್ತಕ ಪ್ರಕಟಿಸಿದ್ದನು. ನಮ್ಮ ಜಗಲಿಯ ಶಾಲೆಗಳ ರೀತಿ ಹೀಗೆ ಅವರ ಬಡಮಕ್ಕಳ ಶಾಲೆಗಳನ್ನು ಸೇರಿತು. ಆದರೆ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಮರೆಮಾಚದೆ ಬರೆದಿದ್ದಾನೆ. ಹತ್ತು ಲಕ್ಷಕ್ಕೆ ಹತ್ತಿರದ ಜನಸಂಖ್ಯೆಯಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲ. ಹಿಂದೆ ಶಾಲೆಗಳಿದ್ದ ಹಲವು ಹಳ್ಳಿಗಳಲ್ಲಿ ಈಗ ಇಲ್ಲ. ಕಾರಣ ದಾರಿದ್ರ್ಯ. ವಿಲಾಯಿತಿಯ ಬಟ್ಟೆ ಬಂದು ಇಲ್ಲಿನ ನೇಕಾರಿಕೆ ಕುಗ್ಗಿತು. ದೇಶದ ಹಣ ದೇಶದಲ್ಲಿ ಉಳಿಯದಾಯಿತು. ಹಿಂದಿನ ಸರಕಾರಗಳು ವಿದ್ಯೆಗೆ ನೀಡುತ್ತಿದ್ದ ಆಶ್ರಯ ಇಲ್ಲವಾಯಿತು. ಮಗ್ಗ ನಿಂತಿತು, ಶಾಲೆಯ ಬಾಗಿಲು ಮುಚ್ಚಿತು. ಸಾಲೋಟಗಿಯ ಊರವರು ಐದು ಪುಷ್ಪ ತೆಗೆದಿಡುವಾಗ ತಿಳಿದಿದ್ದ ಸತ್ಯವನ್ನು ಕಂಪನಿಯ ಅಧಿಕಾರಿಯೊಬ್ಬ ಲೆಕ್ಕದ ಭಾಷೆಯಲ್ಲಿ ಒಪ್ಪಿಕೊಂಡನು.

ಆದರೂ ಉಣಿಸುವ ಕೈ ಪೂರ್ಣವಾಗಿ ನಿಲ್ಲಲಿಲ್ಲ. ವಾರಾನ್ನದ ಮಾತು ನಮ್ಮ ಹಿರಿಯರಿಗೆಲ್ಲ ಗೊತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ಏಳು ಮನೆಗಳ ಬಾಗಿಲಲ್ಲಿ ನಿಂತು ಓದಿದ ತಲೆಮಾರುಗಳಿದ್ದವು. ಅದರಲ್ಲಿ ವಾತ್ಸಲ್ಯವೂ ಇತ್ತು, ಒಮ್ಮೊಮ್ಮೆ ತಲೆತಗ್ಗಿಸುವ ನೋವೂ ಇತ್ತು. ಆ ಬಾಗಿಲುಗಳೂ ಎಲ್ಲ ಜಾತಿಯ ಹುಡುಗರಿಗೆ ತೆರೆದಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಭಾರವನ್ನು ಮಠಗಳೂ ಸಂಘಗಳೂ ಹೊತ್ತುಕೊಂಡವು. ಧಾರವಾಡದ ಮುರುಘಾಮಠದ ಪ್ರಸಾದನಿಲಯ, ತುಮಕೂರಿನ ಸಿದ್ಧಗಂಗೆಯ ದಾಸೋಹ ಇವುಗಳನ್ನು ಕನ್ನಡ ನಾಡು ಮರೆಯಲಾರದು. ಭಕ್ತರು ಹೊತ್ತು ತಂದ ದವಸವೇ ಅಲ್ಲಿ ಸಾವಿರಾರು ಹುಡುಗರ ಅನ್ನವಾಯಿತು. 1970ರ ದಶಕದಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ವಿಸ್ತರಿಸಿದವು. ನೇಕಾರನ, ಗಾಣಿಗನ, ಕೂಲಿಕಾರನ ಮಕ್ಕಳು ಏಳು ಬಾಗಿಲು ಅಲೆಯದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಓದುವ ಕಾಲ ಬಂದಿತು. ಕೊಟ್ಟವರೇ ಕಲಿಯುವವರೂ ಆಗಲು ನೂರಾರು ವರ್ಷ ಹಿಡಿಯಿತು.

ಹರಪನಹಳ್ಳಿಯ ಸೀಮೆ 1953ರವರೆಗೆ ಮದರಾಸು ಪ್ರಾಂತದಲ್ಲಿದ್ದು, ಆ ವರ್ಷ ಮೈಸೂರಿಗೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಗಡಿಯ ಗೆರೆಗಳು ಬದಲಾದರೂ ಇಲ್ಲಿನವರ ದಾರಿ ನೆರೆಯ ವ್ಯಾಪಾರದ ಊರಾದ ದಾವಣಗೆರೆಯ ಕಡೆಗೆ ತುಳಿದದ್ದೇ. ಹರಪನಹಳ್ಳಿ ಸೀಮೆಯ ಚಿಗಟೇರಿಯ ಹೆಸರನ್ನು ಹೊತ್ತ ದೊಡ್ಡ ಆಸ್ಪತ್ರೆ ಅಲ್ಲಿದೆ. ವೈದ್ಯಕೀಯ ವಿದ್ಯಾರ್ಥಿಗಳು ರೋಗಿಯ ಮಂಚದ ಪಕ್ಕದಲ್ಲಿ ನಿಂತು ಅಲ್ಲಿ ಪಾಠ ಕಲಿಯುತ್ತಾರೆ. ಪಾಠವೂ ಔಷಧವೂ ಒಂದೇ ಅಂಗಳದಲ್ಲಿದ್ದ ಕೋಡಿಯ ಮಠ ನೆನಪಿಗೆ ಬಾರದೆ ಇರದು.

ನೀಲಗುಂದದ ಗುಡಿಯ ಕಂಬಗಳು ಮಾತಾಡುವುದಿಲ್ಲ. ಅಲ್ಲಿ ಕುಳಿತು ಕಲಿತ ಹುಡುಗರಿದ್ದರೆ ಅವರ ಹೆಸರು ನಮಗೆ ಇನ್ನು ದೊರೆಯುವಂತಿಲ್ಲ. ಅವರ ದೀಪಕ್ಕೆ ಎಣ್ಣೆ ಎರೆದ ಗಾಣಿಗನ ಹೆಸರು ಮೊದಲೇ ದೊರೆಯುವಂತಿಲ್ಲ. ಆದರೆ ಇಂದು ಆ ಊರಿನಿಂದ ಪುಸ್ತಕದ ಚೀಲ ಹೊತ್ತು ಬಸ್ಸು ಹತ್ತಿ ಪೇಟೆಯ ಕಾಲೇಜಿಗೆ ಹೋಗುವ ಹುಡುಗಿಗೆ ಹೆಸರಿದೆ, ಹಾಜರಿ ಪುಸ್ತಕದಲ್ಲಿ ಅದು ಬರೆದಿದೆ. ಅವಳು ಉಣ್ಣುವ ಅನ್ನದ ಹಿಂದೆ ಒಬ್ಬ ರೈತನಿದ್ದಾನೆ, ಒಂದು ಸಂತೆಯಿದೆ. ಅವಳು ಕಲಿತದ್ದರಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕು. ಮದುವೆಯ ಮನೆಯಲ್ಲಿ ತೆಗೆದಿಟ್ಟ ಆ ಐದು ಪುಷ್ಪಗಳ ಋಣ ಇನ್ನೂ ತೀರಿಲ್ಲ.